ಬೆರಳಗಲದ ಕಾಗದ

ಎರ್ನೆಸ್ಟೀನ ಅಜ್ಜಿ ಬರೆಯುತ್ತಿದ್ದಳು. ಹಾಗಾಗಿ ಷಿರ್ಮರ್ ಮನೆಯಲ್ಲಿ ಆ ದಿನ ಯಾರಿಗೂ ಮಧ್ಯಾಹ್ನದ ಊಟ ಸಿಗುವ ಸೂಚನೆ ಇರಲಿಲ್ಲ.

ಮೇಜಿನ ಮೇಲಿದ್ದ ತಟ್ಟೆ, ಚಮಚ, ಉಪ್ಪಿನ ಬಟ್ಟಲು ಎಲ್ಲ ಎತ್ತಿಸಿ, ಮೇಜನ್ನು ಎರಡು ಸಲ ಒರೆಸಿಸಿ, ಕಿಟಕಿಯ ಬೆಳಕು ಬೀಳುವಲ್ಲಿಗೆ ಕುರ್ಚಿ ಎಳೆಸಿಕೊಂಡು ಕೂತಿದ್ದಳು ಮುದುಕಿ. ಸೊಸೆ ಪೌಲೀನ ಒಲೆಯ ಹತ್ತಿರ ನಿಂತು ಶಾವಿಗೆ ಸೂಪು ತಿರುವುತ್ತಿದ್ದಳು. ಕುದುರೆಯ ಜೀನು ಹೊಲಿಯುವ ಕೊಟ್ಟಿಗೆಯಿಂದ ಗಂಡ ಟ್ರೌಗೊಟ್ ಮತ್ತು ಮಗ ಎವಾಲ್ಡ್ ಕೈ ತೊಳೆದು ಬಂದು, ಕೂರಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತಿದ್ದರು.

"ನಾಲ್ಕು ಸಾಲು ಮುಗಿಯೋ ಹೊತ್ತಿಗೆ ಶಾವಿಗೆ ಗೋಂದಾಗಿರುತ್ತೆ," ಎಂದ ಎವಾಲ್ಡ್. "ಅಪ್ಪಾ, ಅದನ್ನೇ ತಗೊಂಡು ಹೋಗಿ ಜೀನಿಗೆ ಮೆತ್ತೋಣ."

"ಬಾಯಿ ಮುಚ್ಚು," ಎಂದಳು ಅಜ್ಜಿ, ತಲೆ ಎತ್ತದೆ. "ನೀನು ಮಾತಾಡಿದ್ರೆ ನನ್ನ ಕೈ ನಡುಗುತ್ತೆ."

"ನಾನು ಹುಟ್ಟೋಕೆ ಮುಂಚೆಯಿಂದ ನಡುಗ್ತಾ ಇದೆ ಅಂತಾರಲ್ಲ ಅಜ್ಜಿ."

ಇಷ್ಟೆಲ್ಲ ಗದ್ದಲ ಪೌಲೀನಳ ಮಗಳು, ಹದಿನಾಲ್ಕು ವರ್ಷದ ಒಟೀಲಿಯಳ ಆಲ್ಬಮ್ಮಿಗಾಗಿ, ಬಂಧುಗಳೂ ಗೆಳತಿಯರೂ ನೆನಪಿಗೆ ಬರೆದುಕೊಡುವ ಪುಸ್ತಕ. ಗರಿಗಳ ಭಾನುವಾರ ಚರ್ಚಿನಲ್ಲಿ ಅವಳ ದೃಢೀಕರಣ, ಹುಡುಗಿ ದೊಡ್ಡವರ ಸಾಲಿಗೆ ಸೇರುವ ದಿನ, ಇನ್ನು ಐದು ವಾರ. ಹಸಿರು ಮಖಮಲ್ಲಿನ ಹೊದಿಕೆ, ಬಂಗಾರ ಬಣ್ಣದ ಅಂಚು. ಬಲಪುಟದಲ್ಲಿ ಪದ್ಯ, ಎಡಪುಟದಲ್ಲಿ ಅಂಟಿಸಿದ ಗುಲಾಬಿಯೋ ದೇವದೂತನೋ. ಮೊದಲ ಪುಟ ಪಾದ್ರಿಗೆ ಮೀಸಲು, ಆಮೇಲೆ ಅಪ್ಪ, ಅಮ್ಮ, ಆಮೇಲೆ ಉಳಿದವರು. ಶಾಯಿ ಚೆಲ್ಲಬಾರದು. ಪುಟ ಹರಿಯಲೇಬಾರದು, ಹರಿದರೆ ಗೆಳೆತನ ಹರಿಯಿತು ಎಂದೇ ಅರ್ಥ. ದ್ರಾಕ್ಷಿತೋಟಗಳ ಬರೋಸಾ ಕಣಿವೆಯ ಈ ರೋಸೆನ್‌ಗ್ರುಂಡ್ ಊರಿನ ಹುಡುಗಿಯರು ಹತ್ತು ಆಜ್ಞೆಗಳಲ್ಲಿ ಒಂದೆರಡು ಮರೆತರೂ ಮರೆತಾರು, ಇದನ್ನು ಮರೆಯುವವರಲ್ಲ.

ಅಜ್ಜಿಗೆ ಬರೆಯುವ ಪುಟ ತೋರಿಸಿದವಳು ಒಟೀಲಿಯಳೇ. ಪುಸ್ತಕ ತೆರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಏನನ್ನೋ ಎಣಿಸಿ, "ಇಲ್ಲಿ ಬರಿ ಅಜ್ಜಿ," ಎಂದಿದ್ದಳು.

"ಇಲ್ಲೇ ಯಾಕೆ? ಇದರ ಹಿಂದಿನದೂ ಖಾಲಿ ಇದೆಯಲ್ಲ."

"ಇಲ್ಲಿ ಬೆಳಕು ಚೆನ್ನಾಗಿ ಬೀಳುತ್ತೆ."

"ಪುಟಕ್ಕೊಂದು ಬೆಳಕು ಬೀಳುತ್ತಾ? ನಿನ್ನ ಬುದ್ಧಿಗೆ ಬೆಂಕಿ ಹಾಕ," ಎಂದರೂ ಅಜ್ಜಿ ಅಲ್ಲೇ ಬರೆಯಲು ಕೂತಿದ್ದಳು. ಪೌಲೀನ ಅದನ್ನು ನೋಡಿದಳು. ಮಗಳಿಗೆ ಈ ಎಣಿಕೆ ಯಾತಕ್ಕೆ ಎಂದುಕೊಂಡಳು, ಅಷ್ಟರಲ್ಲಿ ಸೂಪು ಉಕ್ಕಿತು, ಮರೆತಳು.

ಒಂದೂವರೆ ಗಂಟೆಯ ಮೇಲೆ ಅಜ್ಜಿ ಲೇಖನಿ ಇಟ್ಟಳು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅಕ್ಷರಗಳು ಸಾಲು ಬಿಟ್ಟು ಇಳಿಜಾರಿನಲ್ಲಿ ಕುರಿಗಳ ಹಾಗೆ ಕೆಳಗಿಳಿದಿದ್ದವು. ಆದರೂ ಓದಲು ಬರುತ್ತಿತ್ತು. ಒಟೀಲಿಯ ಎದ್ದು ನಿಂತು ಓದಿದಳು:

ಬೇಗ ಏಳು, ನೇರ ನಡೆ, ಕಡಿಮೆ ಮಾತನಾಡು,
ದೇವರಿತ್ತ ಕೈಗಳೆರಡು, ಮೊದಲು ಕೆಲಸ ಮಾಡು.
ಕನ್ನಡಿಯ ಮುಂದೆ ನಿಂತು ಹೊತ್ತು ಕಳೆಯಬೇಡ,
ಅಜ್ಜಿ ಹೋದ ಮೇಲೆ ಇದನು ಮರೆತು ಕೂರಬೇಡ.

"ಇದು ಪದ್ಯ ಅಲ್ಲ, ಬೈಗುಳ," ಎಂದ ಎವಾಲ್ಡ್.

"ಇದೇ ಕೊನೆ. ಇನ್ನು ಈ ಕೈಯಿಂದ ಅಕ್ಷರ ಬರೋದಿಲ್ಲ," ಎಂದಳು ಅಜ್ಜಿ. ಹೇಳಿದ ರೀತಿ ಹೆಮ್ಮೆಯದೇ. "ಈಗ ಸೂಪು ಹಾಕು ಪೌಲೀನ. ಯಾಕೆ ಎಲ್ಲರೂ ನಿಂತಿದ್ದೀರಿ?"

ರೋಸೆನ್‌ಗ್ರುಂಡ್‌ನಲ್ಲಿ ಇರುವುದು ಒಂದೇ ಬೀದಿ, ಒಂದೇ ಹೊಳೆ, ಎರಡು ಚರ್ಚು. ಮೇಲಿನ ಚರ್ಚು, ಕೆಳಗಿನ ಚರ್ಚು. ಹುಟ್ಟಿದ ದೇಶ ಬಿಟ್ಟು ಒಂದೇ ಹಡಗಿನಲ್ಲಿ ಒಂದೇ ಹಾಡು ಹಾಡಿಕೊಂಡು ಬಂದಿಳಿದ ಜನ, ಇಳಿದ ಎಂಟನೆಯ ವರ್ಷಕ್ಕೆ ಕಿತ್ತಾಡಿ ಎರಡಾಗಿದ್ದರು. ಕ್ರಿಸ್ತ ತಿರುಗಿ ಬಂದ ಮೇಲೆ ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾನೋ ಇಲ್ಲವೋ ಎಂಬುದು ಜಗಳ. ಆ ಸಾವಿರ ವರ್ಷ ಇನ್ನೂ ಶುರುವೇ ಆಗಿರಲಿಲ್ಲ. ಅದರ ಹೆಸರಿನಲ್ಲಿ ಅಕ್ಕತಂಗಿಯರು ಮಾತು ಬಿಟ್ಟು ಮೂವತ್ತೆಂಟು ವರ್ಷ ಆಗಿತ್ತು. ಒಂದು ಚರ್ಚಿನ ಗಂಟೆ ಬಾರಿಸಿದ ಕೂಡಲೇ ಇನ್ನೊಂದರದು ಅದಕ್ಕಿಂತ ಜೋರಾಗಿ ಬಾರಿಸುತ್ತಿತ್ತು. ಇದಕ್ಕೆ ಭಕ್ತಿ ಅಂತ ಹೆಸರು.

ಪೌಲೀನ ಕೆಳಗಿನ ಚರ್ಚಿನವಳು, ಹೊಳೆಯಾಚೆಯ ನೋಸ್ಕೆ ಮನೆಯ ಮಗಳು. ಟ್ರೌಗೊಟ್‌ನನ್ನು ಕಟ್ಟಿಕೊಂಡು ಮೇಲಿನ ಚರ್ಚಿಗೆ ಬಂದು ಇಪ್ಪತ್ತೊಂದು ವರ್ಷ. ತಾಯಿ ಯೊಹಾನ ಮುಕ್ಕಾಲು ಮೈಲಿ ದೂರದಲ್ಲಿದ್ದರೂ ಅವಳು ನೋಡುತ್ತಿದ್ದುದು ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಮಾತ್ರ, ತಾಯಿಯ ಕಲ್ಲು ಆಚೆ, ಇವಳ ಕಲ್ಲು ಈಚೆ. ಆದರೆ ಮಕ್ಕಳನ್ನು ಕಟ್ಟಿಹಾಕುವವರು ಯಾರು? ಪೌಲೀನಳ ಅಣ್ಣನ ಮಗಳು ಲಿಡಿಯಳಿಗೂ ಒಟೀಲಿಯಳಿಗೂ ಒಂದೇ ವಯಸ್ಸು. ದ್ರಾಕ್ಷಿ ಕೀಳುವ ಕಾಲಕ್ಕೆ ಇಬ್ಬರೂ ಒಂದೇ ಸಾಲಿನ ಎರಡು ಬದಿಯಲ್ಲಿ ಕೂತು, ಎಲೆಗಳ ನಡುವೆ ತಲೆ ತೂರಿಸಿ ಹರಟುತ್ತಿದ್ದರು.

ಅಜ್ಜಿ ಬರೆದ ಮುಂದಿನ ವಾರ ಆಲ್ಬಮ್ಮು ಪಾದ್ರಿಯ ಮನೆಗೆ ಹೋಯಿತು. ಮೂರು ದಿನಕ್ಕೇ ವಾಪಸು ಬಂತು. ತಂದವನು ಟ್ರೌಗೊಟ್. ಬ್ರೆಡ್ಡು, ಹಂದಿಮಾಂಸದ ಸಾಸೇಜು, ಸೌತೆಕಾಯಿ ಉಪ್ಪಿನಕಾಯಿ ಎಲ್ಲ ಮೇಜಿನ ಮೇಲಿತ್ತು. ಅವನು ಟೋಪಿ ತೆಗೆಯದೆ, ಪುಸ್ತಕವನ್ನು ಬೆಣ್ಣೆಯ ಬಟ್ಟಲ ಪಕ್ಕ ಇಟ್ಟ.

"ಪಾದ್ರಿಗಳು ಬರೆದಿಲ್ಲ," ಎಂದ.

"ಯಾಕೆ? ಶಾಯಿ ಇರಲಿಲ್ವ?" ಎಂದ ಎವಾಲ್ಡ್.

ಟ್ರೌಗೊಟ್ ಪುಸ್ತಕ ಬಿಚ್ಚಿ, ಲಿಡಿಯ ನೋಸ್ಕೆ ಬರೆದಿದ್ದ ಪುಟ ತೆಗೆದು, ತೀರ್ಪು ಓದುವವನ ಹಾಗೆ ಓದಿದ:

ಊರು ಬೇಲಿ ಹಾಕಿತು, ಹೊಳೆಗೆ ಬೇಲಿ ಇಲ್ಲ,
ನಿನ್ನ ದಡ, ನನ್ನ ದಡ, ನೀರು ಒಂದೇ ಎಲ್ಲ.
ಗಂಟೆ ಎರಡು ಬಡಿಯಲಿ, ಕಿವಿಯೂ ಎರಡೇ ನನಗೆ,
ಒಂದನಂತೂ ಮೀಸಲಿಟ್ಟೆ, ಗೆಳತಿ, ನಿನ್ನ ದನಿಗೆ.

ಪೌಲೀನಳಿಗೆ ನಗು ಬಂತು, ತಡೆದುಕೊಂಡಳು. ಅಣ್ಣನ ಮಗಳಿಗೆ ಯಾರ ಬಾಯಿ ಬಂದಿದೆ ಎಂದು ಅವಳಿಗೆ ಗೊತ್ತಿತ್ತು. ಯೊಹಾನಳದೇ.

"ಚೆನ್ನಾಗಿದೆ," ಎಂದ ಎವಾಲ್ಡ್. "ಅಜ್ಜೀದಕ್ಕಿಂತ ಚೆನ್ನಾಗಿದೆ."

"ಇದು ಚರ್ಚಿನ ಅಪಹಾಸ್ಯ. ಈ ಪುಟ ಇರೋವರೆಗೂ ನನ್ನ ಹೆಸರು ಈ ಪುಸ್ತಕದಲ್ಲಿ ಇರೋದಿಲ್ಲ ಅಂದ್ರು ಪಾದ್ರಿಗಳು. ಚರ್ಚಿನ ಹಿರಿಯರ ಸಭೆಯಲ್ಲಿ, ಎಲ್ಲರ ಮುಂದೆ. ಹೋದ ತಿಂಗಳು ತಾನೇ ನನ್ನನ್ನ ಹಿರಿಯ ಅಂತ ಆರಿಸಿದ್ದಾರೆ. ನನ್ನ ಮುಖ ಎಲ್ಲಿಡಲಿ?"

"ಅದು ಇರೋ ಜಾಗದಲ್ಲೇ ಇಡು ಅಪ್ಪಾ. ಅವಳೇನು ಕಳ್ಳತನ ಮಾಡಿದ್ಲಾ? ನಾಲ್ಕು ಸಾಲು ಬರೆದ್ಲು. ಕುದುರೆ ಜೀನು ಹೊಲಿಸೋಕೆ ಕೆಳಗಿನ ಚರ್ಚಿನವರು ಬಂದ್ರೆ ಒಳಗೆ ಕರೀತೀಯ, ಬಿಯರ್ ಕೊಡ್ತೀಯ. ಅವರ ಹುಡುಗಿ ಪದ್ಯ ಬರೆದ್ರೆ ಮಾತ್ರ ಮೈ ಉರಿಯುತ್ತಾ?"

"ಹನ್ನೊಂದು ವರ್ಷಕ್ಕೇ ಸ್ಕೂಲು ಬಿಟ್ಟವನು ನನಗೆ ಪಾಠ ಹೇಳಬೇಡ!"

"ಬಿಡಿಸಿದವರು ಯಾರು?"

ಟ್ರೌಗೊಟ್ ಮಗಳ ಕಡೆ ತಿರುಗಿದ. "ಗರಿಗಳ ಭಾನುವಾರದ ಹಿಂದಿನ ದಿನದ ಒಳಗೆ ಆ ಪುಟ ಹೋಗಬೇಕು. ನೀನೇ ತೆಗಿ. ಇಲ್ಲದಿದ್ರೆ ನಾನು ತೆಗೀತೀನಿ."

"ನಾನು ತೆಗೆಯಲ್ಲ ಅಪ್ಪಾ," ಎಂದಳು ಒಟೀಲಿಯ. ಅಳಲಿಲ್ಲ, ದನಿ ಎತ್ತಲಿಲ್ಲ. ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತಲೇ ಹೇಳಿದಳು. "ನೀನೂ ತೆಗೆಯಲ್ಲ."

"ಏನಂದೆ?"

"ಅಜ್ಜೀನ ಕೇಳು."

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಬ್ರೆಡ್ಡಿನ ಗಟ್ಟಿ ಅಂಚನ್ನು ಕಾಫಿಯಲ್ಲಿ ಅದ್ದಿ ಚೀಪುತ್ತಿದ್ದಳು. "ನೋಸ್ಕೆಗಳದ್ದು ಅಂದ್ರೆ ತೆಗೀಬೇಕಾದ್ದೇ," ಎಂದಳು. "ಕತ್ತರಿಸು. ನನ್ನ ಕಾಲದಲ್ಲೂ ಕತ್ತರಿಸಿದ್ರು."

ಪೌಲೀನಳ ಕೈ ಉಪ್ಪಿನಕಾಯಿ ಜಾಡಿಯ ಮೇಲೆ ನಿಂತಿತು. ಇಪ್ಪತ್ತೊಂದು ವರ್ಷ ಈ ಮೇಜಿಗೆ ಬಡಿಸಿದವಳು ತಾನು, ನೋಸ್ಕೆ. ಅದು ಯಾರಿಗೂ ನೆನಪಿರಲಿಲ್ಲ. ಅಥವಾ ನೆನಪಿದ್ದೇ ಹೇಳಿದ್ದರು. ಅವಳು ಜಾಡಿಯ ಮುಚ್ಚಳ ಮುಚ್ಚಿದಳು.

ಬುಧವಾರ ಬ್ರೆಡ್ಡು ಸುಡುವ ದಿನ. ಆ ಬುಧವಾರ ಒಲೆಗೆ ಕಟ್ಟಿಗೆ ಬೀಳಲಿಲ್ಲ. ಮಧ್ಯಾಹ್ನ ಮೇಜಿನ ಮೇಲೆ ಇಂಗ್ಲಿಷರ ಅಂಗಡಿಯಲ್ಲಿ ಸಿಗುವ ಬೆಳ್ಳನೆ ಬ್ರೆಡ್ಡು ಇತ್ತು, ಒತ್ತಿದರೆ ಒತ್ತಿದಲ್ಲೇ ಕೂರುವಂಥದ್ದು.

"ಇದೇನು?" ಎಂದ ಟ್ರೌಗೊಟ್.

"ಬ್ರೆಡ್ಡು."

"ನಮ್ಮ ಬ್ರೆಡ್ಡೆಲ್ಲಿ? ಕಪ್ಪಗಿರೋ ರೈ ಹಿಟ್ಟಿಂದು?"

"ನಮ್ಮದು ಅಂತ ಯಾವತ್ತೂ ಇರಲಿಲ್ಲ ಟ್ರೌಗೊಟ್. ಹಿಟ್ಟು ನಿನ್ನದು, ಹುಳಿಹಿಟ್ಟು ನೋಸ್ಕೆ ಮನೇದು. ಮದುವೆ ದಿನ ನಮ್ಮಮ್ಮ ಮಡಕೇಲಿ ಹಾಕಿ ಕೊಟ್ಟಿದ್ದು. ಪ್ರತಿ ಬುಧವಾರ ಒಂದು ಹಿಡಿ ಉಳಿಸಿ, ಉಣಿಸಿ, ಇಪ್ಪತ್ತೊಂದು ವರ್ಷ ಅದರಲ್ಲೇ ನಿಮಗೆಲ್ಲ ಬ್ರೆಡ್ಡು ಮಾಡಿದೆ. ಈಗ ನೀನು ಹಿರಿಯ. ಹಿರಿಯನ ಮನೇಲಿ ಕೆಳಗಿನ ಚರ್ಚಿನ ಹುಳಿ ಇರಬಾರದು ಅಂತ ಎವಾಲ್ಡ್ ಕೈಲಿ ವಾಪಸ್ ಕಳಿಸಿಬಿಟ್ಟೆ."

ಎವಾಲ್ಡ್ ತಟ್ಟೆಗೆ ಮುಖ ಬಗ್ಗಿಸಿದ್ದ. ಭುಜ ಅಲ್ಲಾಡುತ್ತಿತ್ತು.

"ಆಟ ಆಡ್ತಿದ್ದೀಯ?"

"ಇಲ್ಲ. ಪುಟದಿಂದ ತೆಗೆದ್ರೆ ಹೊಟ್ಟೆಯಿಂದಲೂ ತೆಗೀಬೇಕು ತಾನೇ? ಅರ್ಧಂಬರ್ಧ ಯಾಕೆ?"

"ಪಕ್ಕದ ಮನೆಯಿಂದ ಒಂದು ಹಿಡಿ ತಂದ್ರಾಯ್ತು," ಎಂದಳು ಅಜ್ಜಿ, ಬಿಳಿ ಬ್ರೆಡ್ಡನ್ನು ಬೆರಳಲ್ಲಿ ಹಿಸುಕಿ ನೋಡುತ್ತ. "ಅದಕ್ಕೇನು ಇಷ್ಟು ದೊಡ್ಡ ಮಾತು."

"ಪಕ್ಕದ ಮನೇದೂ ನಾನು ಕೊಟ್ಟಿದ್ದೇ ಅತ್ತೆ. ಅದರಾಚೆ ಮನೆಗೆ ಅವರು ಕೊಟ್ಟರು. ಕಮ್ಮಾರನ ಮನೆ, ಮೇಷ್ಟ್ರ ಮನೆ, ಎಲ್ಲ ಅದೇ ಹಿಟ್ಟಿನ ಸಂತಾನ."

"ಪಾದ್ರಿಗಳ ಮನೇದು?" ಎಂದು ಕೇಳಿದ ಎವಾಲ್ಡ್. ಅವನಿಗೆ ಉತ್ತರ ಗೊತ್ತಿತ್ತು.

"ಹೋದ ವರ್ಷ ಅವರದಕ್ಕೆ ಬೂಷ್ಟು ಹಿಡಿದಾಗ ಪಾದ್ರಿಯಮ್ಮನವರು ಬಟ್ಟಲು ಹಿಡ್ಕೊಂಡು ಬಂದಿದ್ರಲ್ಲ. ಕೊಟ್ಟೆ."

ಎವಾಲ್ಡ್ ಮೇಜು ಗುದ್ದಿ ನಕ್ಕ. ಟ್ರೌಗೊಟ್ ಎದ್ದು ಹೋದ. ಕೊಟ್ಟಿಗೆಯಿಂದ ಚರ್ಮಕ್ಕೆ ಬೀಳುವ ಸುತ್ತಿಗೆಯ ಸದ್ದು ಸಂಜೆಯವರೆಗೂ ಕೇಳಿತು. ಆ ದಿನ ಯಾವ ಜೀನಿಗೂ ಅಷ್ಟು ಪೆಟ್ಟು ಬೇಕಿರಲಿಲ್ಲ.

ಹೀಗೆ ಮೂರು ಬುಧವಾರ ಕಳೆದವು. ಯಾರೂ ಸೋಲಲಿಲ್ಲ. ಟ್ರೌಗೊಟ್ ಬಿಳಿ ಬ್ರೆಡ್ಡನ್ನು ಔಷಧಿಯ ಹಾಗೆ ನುಂಗಿದ. ಅಜ್ಜಿಯ ಹಲ್ಲಿಲ್ಲದ ಬಾಯಿಗೆ ಅದು ಮೆತ್ತಗೆ ಹಿತವಾಗಬೇಕಿತ್ತು, ಆಗಲಿಲ್ಲ. ಕಾಫಿಯಲ್ಲಿ ಅದ್ದಿದ ಕೂಡಲೇ ಕರಗಿ ತಳ ಸೇರುತ್ತಿತ್ತು. "ಇದನ್ನ ತಿಂದು ಇಂಗ್ಲಿಷರು ಹೇಗೆ ಇಷ್ಟು ದೇಶ ಗೆದ್ದರೋ," ಎಂದು ಅಜ್ಜಿ ಚಮಚದಲ್ಲಿ ತಡಕುತ್ತಿದ್ದಳು. ಪೌಲೀನ ಉಳಿದ ಕೆಲಸ ಯಾವುದನ್ನೂ ಬಿಡಲಿಲ್ಲ. ದ್ರಾಕ್ಷಿರಸಕ್ಕೆ ಸಾಬಕ್ಕಿ ಹಾಕಿ ಕುದಿಸಿ ಸಿಹಿ ಮಾಡಿದಳು, ಹಣ್ಣಿನ ಜಾಮು ಕಾಸಿದಳು, ಅತ್ತೆಯ ತಲೆ ಬಾಚಿದಳು. ಬಾಚುವಾಗ ಅತ್ತೆ ಒಂದು ಸಲ ಕೇಳಿದಳು, "ಆ ಹುಳಿಹಿಟ್ಟು ಬದುಕಿದೆಯೇನೇ?"

"ನಮ್ಮಮ್ಮ ಯಾವುದನ್ನೂ ಸುಮ್ಮನೆ ಸಾಯೋಕೆ ಬಿಡೋಳಲ್ಲ ಅತ್ತೆ."

"ಹ್ಞೂ. ಹಡಗಿನಲ್ಲೂ ಹಾಗೇ ಇದ್ಲು," ಎಂದು ಅಜ್ಜಿ ತಟ್ಟನೆ ಬಾಯಿ ಮುಚ್ಚಿದಳು.

ಅತ್ತೆಯೂ ಅಮ್ಮನೂ ಒಂದೇ ಹಡಗಿನಲ್ಲಿ ಬಂದವರೆಂದು ಪೌಲೀನಳಿಗೆ ಗೊತ್ತಿತ್ತು. ಮುನ್ನೂರು ಜನ ಬಂದಿದ್ದರು. ಆದರೆ ಅತ್ತೆಯ ಬಾಯಲ್ಲಿ ಅಮ್ಮನ ಸುದ್ದಿ ಬಂದಿದ್ದು ಇದೇ ಮೊದಲು. ಬಾಚಣಿಗೆ ಒಂದು ಗಳಿಗೆ ನಿಂತು ಮತ್ತೆ ಇಳಿಯಿತು.

ಒಟೀಲಿಯಳಿಗೆ ದ್ರಾಕ್ಷಿ ತೋಟಕ್ಕೆ ಹೋಗಲು ಅಪ್ಪ ಬಿಡಲಿಲ್ಲ. ಅವಳು ಮನೆಯಲ್ಲೇ ಇದ್ದು ಕೋಳಿಗೂಡು ಬಳಿದಳು, ಅಪ್ಪನ ಅಂಗಿಗೆ ಗುಂಡಿ ಹೊಲಿದಳು, ದೃಢೀಕರಣದ ಕಪ್ಪು ಲಂಗದ ಅಂಚು ಮಡಚಿದಳು. ಎಷ್ಟು ಆರಾಮಾಗಿದ್ದಳೆಂದರೆ ಪೌಲೀನಳಿಗೇ ಸಿಟ್ಟು ಬಂತು.

"ನಿನ್ನ ಗೆಳತಿ ಪುಟಕ್ಕೆ ಕತ್ತಿ ಬೀಳುತ್ತೆ, ನಾನಿಲ್ಲಿ ಮೂರು ವಾರದಿಂದ ಬ್ರೆಡ್ಡು ಸುಡದೆ ಕೂತಿದ್ದೀನಿ, ನೀನು ಹಾಡು ಹೇಳ್ಕೊಂಡು ಲಂಗ ಹೊಲೀತಿದ್ದೀಯಲ್ಲೇ! ಒಂದು ತೊಟ್ಟು ಕಣ್ಣೀರಾದ್ರೂ ಬೇಡ್ವ?"

"ಕಣ್ಣೀರು ಬಿದ್ರೆ ಬಟ್ಟೆ ಮೇಲೆ ಕಲೆ ಆಗುತ್ತೆ ಅಮ್ಮ."

"ನಿನ್ನಪ್ಪ ಹೇಳಿದ್ದು ಮಾಡೋನೇ. ಗೊತ್ತಲ್ಲ?"

"ಅಪ್ಪ ಜೀನುಗಾರ," ಎಂದಳು ಒಟೀಲಿಯ, ದಾರ ಹಲ್ಲಿನಲ್ಲಿ ಕಡಿದು. "ಕತ್ತರಿಸೋ ಮುಂಚೆ ಹೊಲಿಗೆ ನೋಡ್ತಾನೆ."

ಮಗಳ ಮಾತು ಪೌಲೀನಳಿಗೆ ಅರ್ಥವಾಗಲಿಲ್ಲ. ಈ ಮನೆಯಲ್ಲಿ ಎಲ್ಲರಿಗೂ ತಲೆ ಕೆಟ್ಟಿದೆ ಎಂದುಕೊಂಡು ಒಲೆಯ ಕಡೆ ಹೋದಳು.

ಶನಿವಾರ ಬಂತು. ಬೆಳಿಗ್ಗೆ ಕಾಫಿ ಮುಗಿದ ಮೇಲೆ ಟ್ರೌಗೊಟ್ ಕೊಟ್ಟಿಗೆಯಿಂದ ಅರ್ಧಚಂದ್ರದ ಕತ್ತಿ ತಂದ. ಚರ್ಮ ಕೊಯ್ಯುವ ಕತ್ತಿ, ಮನೆಯ ಕಾಫಿಗಿಂತ ಕಪ್ಪು ಹಿಡಿ, ಅಂಚು ಮಾತ್ರ ಬೆಳ್ಳಿ. ಜೊತೆಗೆ ಗೋಂದಿನ ಡಬ್ಬಿ. ಅವನ ಮುಖ ನೋಡಿದರೆ ಗೆಲ್ಲುವವನ ಮುಖವಾಗಿರಲಿಲ್ಲ, ಹಲ್ಲು ಕೀಳಿಸಿಕೊಳ್ಳಲು ಹೋಗುವವನದಾಗಿತ್ತು.

"ಪುಸ್ತಕ ತಾ," ಎಂದ.

ಒಟೀಲಿಯ ತಂದು ಮೇಜಿನ ಮೇಲಿಟ್ಟಳು.

"ಟ್ರೌಗೊಟ್," ಎಂದಳು ಪೌಲೀನ. ಒಲೆಯ ಹತ್ತಿರದಿಂದ ಬಂದು ಮೇಜಿಗೆ ಎದುರಾಗಿ ನಿಂತಳು. "ನೀನು ಕತ್ತರಿಸ್ತಿರೋದು ನನ್ನಣ್ಣನ ಮಗಳ ಹೆಸರು. ನನ್ನ ತೌರಿನ ಹೆಸರು. ಇಪ್ಪತ್ತೊಂದು ವರ್ಷ ನಾನು ಈ ಮಾತು ಆಡಿಲ್ಲ. ನೀನು ಕರೆದ ಚರ್ಚಿಗೆ ಬಂದೆ, ಹೇಳಿದ ಕಡೆ ಕೂತೆ, ಅಮ್ಮನ್ನ ಹೊಳೆಯಾಚೆ ಬಿಟ್ಟೆ. ಇವತ್ತು ಕತ್ತರಿಸಿದ್ರೆ ಇನ್ನು ಈ ಮನೇಲಿ ನಾನು ಬ್ರೆಡ್ಡು ಸುಡೋದಿಲ್ಲ. ಯಾವತ್ತೂ. ಕೇಳಿಸ್ತಾ?"

"ಕೇಳಿಸ್ತು," ಎಂದ ಟ್ರೌಗೊಟ್. ತಲೆ ಎತ್ತಲಿಲ್ಲ. "ಪಾದ್ರಿಗೆ ಮಾತು ಕೊಟ್ಟಿದ್ದೀನಿ ಪೌಲೀನ."

"ನನಗೂ ಕೊಟ್ಟಿದ್ದೆ. ಅದೇ ಚರ್ಚಿನಲ್ಲಿ."

ಅವನು ಪುಸ್ತಕ ತೆರೆದ. ಲಿಡಿಯಳ ಪುಟಕ್ಕೆ ಬಂದ. ಕತ್ತಿ ಎತ್ತಿದವನು, ಅಭ್ಯಾಸಬಲ, ಮೊದಲು ಹೆಬ್ಬೆರಳನ್ನು ಬೆನ್ನಿನ ಮಡಿಕೆಯೊಳಗೆ ಇಳಿಸಿ ಹೊಲಿಗೆ ತಡವಿದ. ಇಪ್ಪತ್ತೈದು ವರ್ಷ ದಾರದ ಜೊತೆ ಬಾಳಿದ ಬೆರಳು ಅದು. ಹಾಳೆಯನ್ನು ಹಿಡಿದು ಮೆಲ್ಲಗೆ ಎಳೆದ. ಪುಸ್ತಕದ ಮುಂಭಾಗದಲ್ಲಿ ಇನ್ನೊಂದು ಹಾಳೆ ಅಲ್ಲಾಡಿತು. ಮತ್ತೆ ಎಳೆದ. ಮತ್ತೆ ಅದೇ ಅಲ್ಲಾಡಿತು.

"ಏನಾಯ್ತು?" ಎಂದಳು ಅಜ್ಜಿ ಕುರ್ಚಿಯಿಂದ. ಕಣ್ಣು ಕಾಣದಿದ್ದರೂ ಸದ್ದು ನಿಂತದ್ದು ಅವಳಿಗೆ ತಿಳಿದಿತ್ತು.

"ಏನಿಲ್ಲ ಅಮ್ಮ. ಇದು ಒಂಟಿ ಹಾಳೆ ಅಲ್ಲ. ದೊಡ್ಡ ಹಾಳೇನ ನಡುವೆ ಮಡಚಿ, ಮಡಿಕೇಲಿ ಹೊಲಿದಿದ್ದಾರೆ. ಹಿಂದಿನ ಅರ್ಧದಲ್ಲಿ ಈ ಪುಟ, ಮುಂದಿನ ಅರ್ಧದಲ್ಲಿ ಇನ್ನೊಂದು. ಇದನ್ನ ಬುಡಕ್ಕೆ ಕತ್ತರಿಸಿದ್ರೆ ಅದೂ ಕಳಚಿ ಬರುತ್ತೆ. ಪರವಾಗಿಲ್ಲ, ಬೆರಳಗಲ ಬಿಟ್ಟು ಕತ್ತರಿಸಿ, ಉಳಿದ ತುಂಡಿಗೆ ಗೋಂದು ಹಚ್ಚಿ ಪಕ್ಕದ ಪುಟಕ್ಕೆ ಅಂಟಿಸಿದ್ರೆ ನಿಲ್ಲುತ್ತೆ."

"ಆ ಇನ್ನೊಂದು ಪುಟ ಯಾರದ್ದು?"

ಟ್ರೌಗೊಟ್ ಮುಂದಕ್ಕೆ ತಿರುವಿದ. ನೋಡಿದ. ಮಗಳ ಮುಖ ನೋಡಿದ. ಒಟೀಲಿಯ ನೆಟ್ಟಗೆ ನಿಂತಿದ್ದಳು, ಕೈ ಹಿಂದೆ ಕಟ್ಟಿಕೊಂಡು.

"ಯಾರದ್ದೋ?" ಎಂದಳು ಅಜ್ಜಿ ಮತ್ತೆ.

"ನಿನ್ನದು ಅಮ್ಮ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಪೌಲೀನಳಿಗೆ ಆಗ ನೆನಪಾಯಿತು, ಮಗಳ ಹೆಬ್ಬೆರಳು, ಆ ಎಣಿಕೆ, ಬೆಳಕು ಚೆನ್ನಾಗಿ ಬೀಳುವ ಪುಟ.

"ಬೆರಳಗಲ ಬಿಟ್ಟು ಕತ್ತರಿಸ್ತೀನಿ, ಏನೂ ಆಗೋದಿಲ್ಲ," ಎಂದು ಟ್ರೌಗೊಟ್ ಹಾಳೆಗೆ ಕತ್ತಿ ಇಡುವುದಕ್ಕೂ ಅಜ್ಜಿ ಕೋಲಿನಿಂದ ನೆಲ ಬಡಿಯುವುದಕ್ಕೂ ಸರಿಹೋಯಿತು.

"ಎತ್ತು ಕತ್ತೀನ!"

ಟ್ರೌಗೊಟ್ ಎತ್ತಿದ. ನಲವತ್ತೆರಡು ವರ್ಷದ ಹಿರಿಯ, ಬೆತ್ತ ಕಂಡ ಹುಡುಗನ ಹಾಗೆ ಎತ್ತಿದ.

"ಬೆರಳಗಲ ಅಂತೆ! ನಿಮ್ಮಪ್ಪನೂ ಅದನ್ನೇ ಹೇಳಿದ. ಇದೇ ಮಾತು. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಒಟೀಲಿಯ, ನನ್ನ ಪೆಟ್ಟಿಗೇಲಿ ಪುಸ್ತಕ ಇದೆ, ತಾ. ಎಲ್ಲಿದೆ ಅಂತ ಕೇಳಬೇಡ, ನಿನಗೆ ಗೊತ್ತು."

ಒಟೀಲಿಯ ತಂದಳು. ಕಂದು ಚರ್ಮದ ಪುಟ್ಟ ಪುಸ್ತಕ, ಮೂಲೆಗಳು ಸವೆದು ದುಂಡಗಾಗಿದ್ದವು. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ನೋಡದೆಯೇ ಬೆರಳಿಂದ ಸರಿಯಾದ ಜಾಗಕ್ಕೆ ಬಂದಳು. ಅಲ್ಲಿ ಪುಟವಿರಲಿಲ್ಲ. ಬೆರಳಗಲದ ಒಂದು ತುಂಡು ಕಾಗದ, ಪಕ್ಕದ ಪುಟಕ್ಕೆ ಅಂಟಿಕೊಂಡು ಹಳದಿಯಾಗಿತ್ತು.

"ಇದು ಯೊಹಾನಳ ಪುಟ," ಎಂದಳು ಅಜ್ಜಿ. "ನಿಮ್ಮಮ್ಮ ಪೌಲೀನ. ಹಡಗು ಹತ್ತೋ ಹಿಂದಿನ ದಿನ ಬರೆದಿದ್ಲು. ನೂರು ದಿನ ಒಂದೇ ಹಲಗೆ ಮೇಲೆ ಮಲಗಿದ್ವಿ ನಾವಿಬ್ರು. ನನಗೆ ಜ್ವರ ಬಂದಾಗ ತನ್ನ ಪಾಲಿನ ನೀರು ನನಗೆ ಕುಡಿಸಿದ್ಲು. ಚರ್ಚು ಎರಡಾದ ವರ್ಷ ನಿನ್ನ ಮಾವ ಕತ್ತಿ ತಂದ. ನಾನು ಬೇಡ ಅನ್ನಲಿಲ್ಲ. ಯಾಕೆ ಅನ್ನಲಿ? ಗಂಡ ಹೇಳಿದ, ಪಾದ್ರಿ ಹೇಳಿದ. ನಾನೇ ದೀಪ ಹಿಡಿದೆ."

"ಆಮೇಲೆ?" ಎಂದ ಎವಾಲ್ಡ್. ಅವನ ಬಾಯಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ.

"ಆಮೇಲೆ ಎರಡು ವರ್ಷ ನಿಂತಿತು. ಅದರ ಜೋಡಿ ಪುಟ ನಮ್ಮಮ್ಮಂದು. ಆಕೆ ಹಡಗು ಹತ್ತಲಿಲ್ಲ, ಅಲ್ಲೇ ಉಳಿದ್ಲು. ಆಕೆ ಕೈಬರಹ ಅಂತ ನನ್ನ ಹತ್ತಿರ ಇದ್ದಿದ್ದು ಅದೊಂದೇ. ದಿನಾ ತೆಗೆದು ನೋಡ್ತಿದ್ದೆ. ಈಚೆ ಕಡೆ ಹಿಡಿದುಕೊಳ್ಳೋಕೆ ಪುಟ ಇಲ್ಲ. ದಾರ ಕಾಗದಾನ ಕೊಯ್ಕೊಂಡು ಬಂತು. ಒಂದು ದಿನ ಅಂಗಳದಲ್ಲಿ ಕೂತು ಪುಸ್ತಕ ತೆಗೆದೆ, ಬಿಸಿಗಾಳಿ ಬೀಸ್ತಿತ್ತು. ಹೋಯ್ತು. ಬೇಲಿ ದಾಟಿ, ಗೋಧಿ ಹೊಲ ದಾಟಿ ಹೋಯ್ತು. ನಿನ್ನ ಕೈ ಹಿಡಿದು ಎಳ್ಕೊಂಡು ಓಡಿದೆ ಟ್ರೌಗೊಟ್, ಸಿಗಲಿಲ್ಲ."

ಟ್ರೌಗೊಟ್ ಕತ್ತಿಯನ್ನು ಮೇಜಿನ ಮೇಲೆ ಮಲಗಿಸಿದ.

"ನಿನಗೆ ಗೊತ್ತಿತ್ತಾ?" ಎಂದಳು ಅಜ್ಜಿ, ಮೊಮ್ಮಗಳು ನಿಂತ ಕಡೆ ತಿರುಗಿ.

"ಗಾಳಿ ವಿಷಯ ಗೊತ್ತಿರಲಿಲ್ಲ ಅಜ್ಜಿ. ಹೋದ ಚಳಿಗಾಲದಲ್ಲಿ ನಿನ್ನ ಪೆಟ್ಟಿಗೆ ಬಿಸಿಲಿಗೆ ಹಾಕೋ ದಿನ ಪುಸ್ತಕ ನೋಡಿದೆ. ಒಂದು ಕಡೆ ತುಂಡು, ಇನ್ನೊಂದು ಕಡೆ ಬರೀ ದಾರ. ಯಾಕೆ ಎರಡು ಕಡೆ ಅಂತ ಹೊಲಿಗೆ ಹಿಡಿದು ನೋಡಿದೆ, ಗೊತ್ತಾಯ್ತು. ಲಿಡಿಯ ಬರೆದ ಮೇಲೆ, ಇದನ್ನ ಯಾರಾದ್ರೂ ಕತ್ತರಿಸೋಕೆ ಬಂದೇ ಬರ್ತಾರೆ ಅಂದ್ಕೊಂಡೆ. ಅದಕ್ಕೆ ಜೋಡಿ ಪುಟದಲ್ಲಿ ನಿನ್ನ ಕೈಲಿ ಬರೆಸಿದೆ."

"ನನ್ನ ಹೆಗಲ ಮೇಲೆ ನಿಂತು ನನ್ನ ಮಗನಿಗೇ ಕಲ್ಲು ಹೊಡೆದೆಯಾ? ಹುಡುಗಿ ಬುದ್ಧಿ ಅಲ್ಲ, ಇದು ಪಾದ್ರಿ ಬುದ್ಧಿ!" ಎಂದಳು ಅಜ್ಜಿ. ಬೈದಳೋ ಹೊಗಳಿದಳೋ ಯಾರಿಗೂ ತಿಳಿಯಲಿಲ್ಲ. ಬಹುಶಃ ಎರಡೂ.

"ಪಾದ್ರಿಗೆ ಏನು ಹೇಳಲಿ?" ಎಂದ ಟ್ರೌಗೊಟ್. "ನಾಳೆ ಬೆಳಿಗ್ಗೆ ಕೇಳ್ತಾರೆ."

"ನೀನೇನೂ ಹೇಳಬೇಡ. ನಿನಗೆ ಹೇಳೋಕೆ ಬರಲ್ಲ. ನಾನು ಹೇಳ್ತೀನಿ."

ಮರುದಿನ ಚರ್ಚಿನ ಬಾಗಿಲಲ್ಲಿ ಪಾದ್ರಿ ಕೇಳಿಯೇ ಕೇಳಿದರು. ಒಟೀಲಿಯ ಕಪ್ಪು ಲಂಗದಲ್ಲಿ, ಹಿಂದೆ ಇಡೀ ಮನೆ. ಎರ್ನೆಸ್ಟೀನ ಅಜ್ಜಿ ಸೊಸೆಯ ತೋಳು ಹಿಡಿದು ಮುಂದೆ ಬಂದಳು.

"ಪುಟ ಅಲ್ಲೇ ಇದೆ ಪಾದ್ರಿಗಳೇ. ಇರುತ್ತೆ. ಅದನ್ನ ತೆಗೆದ್ರೆ ನನ್ನ ಪುಟ ಬೀಳುತ್ತೆ, ನಾನು ಈ ಚರ್ಚಿಗೆ ಮೊದಲ ಕಲ್ಲು ಹೊತ್ತೋಳು. ಅಷ್ಟು ಶುದ್ಧವಾಗಿರಬೇಕು ಅಂದ್ರೆ ಮೊದಲು ನಿಮ್ಮನೇಲಿ ಬ್ರೆಡ್ಡು ಸುಡೋದು ನಿಲ್ಲಿಸಿ. ಯಾಕೆ ಅಂತ ನಿಮ್ಮ ಮನೆಯವರನ್ನ ಕೇಳಿ, ಹುಳಿಹಿಟ್ಟು ಎಲ್ಲಿಂದ ಬಂತು ಅಂತ."

ಪಾದ್ರಿಯ ಹೆಂಡತಿ ಸ್ತೋತ್ರದ ಪುಸ್ತಕದಲ್ಲಿ ಏನೋ ಹುಡುಕತೊಡಗಿದಳು. ಪಾದ್ರಿ ಬಾಯಿ ತೆರೆದರು, ಆದರೆ ಗಂಟೆ ಹೊಡೆಯಿತು, ಅದರ ಹಿಂದೆಯೇ ಕೆಳಗಿನ ಚರ್ಚಿನದೂ ಹೊಡೆಯಿತು. ಅವರಾಡಿದ್ದು ಯಾರಿಗೂ ಕೇಳಿಸಲಿಲ್ಲ. ದೃಢೀಕರಣ ನಡೆಯಿತು. ಆಲ್ಬಮ್ಮಿನ ಮೊದಲ ಪುಟ ಖಾಲಿ ಉಳಿಯಿತು. ಒಟೀಲಿಯ ಅಲ್ಲೊಂದು ದೊಡ್ಡ ಗುಲಾಬಿ ಅಂಟಿಸಿದಳು.

ಸೋಮವಾರ ಬೆಳಿಗ್ಗೆ ಅಜ್ಜಿ ತನ್ನ ಹಳೆಯ ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಪೌಲೀನಳ ಕೈಗೆ ಕೊಟ್ಟಳು.

"ನಿಮ್ಮಮ್ಮನಿಗೆ ಕೊಡು. ಕೊನೆ ಪುಟ ಖಾಲಿ ಇದೆ, ಕಣ್ಣು ಕಾಣ್ತಿದ್ರೆ ಬರೀಲಿ ಅಂತ ಹೇಳು. ಬೈಬಲ್ ವಾಕ್ಯ ಬೇಡ, ಅವಳು ಯಾವತ್ತೂ ತಪ್ಪು ಬರೀತಾಳೆ. ಬರೋವಾಗ ಹುಳಿಹಿಟ್ಟು ತಗೊಂಡು ಬಾ."

"ಹೊಳೆ ಕಡೆಯಿಂದ ಹೋಗಿ ಬರ್ತೀನಿ ಅತ್ತೆ."

"ಹೊಳೆ ಯಾಕೆ? ಕಾಲಿಗೆ ಕೆಸರು ಯಾಕೆ ಮಾಡ್ಕೋತೀಯ? ಬೀದಿ ಇದೆ."

ಪೌಲೀನ ಬೀದಿಯಲ್ಲೇ ಹೋದಳು, ಮಗಳ ಜೊತೆ, ಎರಡೂ ಚರ್ಚುಗಳ ಮುಂದೆ. ಕಿಟಕಿಗಳಲ್ಲಿ ಪರದೆಗಳು ಅಲ್ಲಾಡಿದವು. ಅಲ್ಲಾಡಲಿ. ಟ್ರೌಗೊಟ್ ಕೊಟ್ಟಿಗೆಯ ಬಾಗಿಲಿಗೆ ಬಂದು ನೋಡಿದ, ಟೋಪಿ ಸರಿಮಾಡಿಕೊಂಡ, ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕಟ್ಟಿಗೆ ಒಡೆಯುವ ಸದ್ದು ಕೇಳಿತು. ಬ್ರೆಡ್ಡಿನ ಒಲೆಗೆ ಬೇಕಾಗುವ ಉದ್ದದ್ದೇ.

ಬುಧವಾರ ಪುಸ್ತಕ ವಾಪಸು ಬಂತು. ಲಿಡಿಯ ತಂದಳು, ಮುಂಬಾಗಿಲಿನಿಂದ. ಮೇಜಿನ ಮೇಲೆ ಆಗ ತಾನೇ ಒಲೆಯಿಂದ ತೆಗೆದ ಕಪ್ಪು ಬ್ರೆಡ್ಡು ಹೊಗೆಯಾಡುತ್ತಿತ್ತು. ಅಜ್ಜಿ ಅಂಚನ್ನು ಕಾಫಿಯಲ್ಲಿ ಅದ್ದಿದವಳು ಕೈ ಒರೆಸಿಕೊಂಡಳು.

"ಓದು ಪೌಲೀನ. ಏನು ಬರೆದಿದ್ದಾಳೆ?"

ಪೌಲೀನ ಕೊನೆಯ ಪುಟ ತೆಗೆದಳು. ಖಾಲಿ. ಹಿಂದಿನ ಪುಟ ನೋಡಿದಳು, ಅಲ್ಲೂ ಇಲ್ಲ. ಒಂದೊಂದೇ ಹಾಳೆ ತಿರುವಿದಳು. ಆಮೇಲೆ ಸಿಕ್ಕಿತು. ಕತ್ತರಿಸಿ ಉಳಿದಿದ್ದ ಆ ಬೆರಳಗಲದ ಹಳದಿ ಕಾಗದದ ಮೇಲೆ, ಅಡ್ಡ ಬರೆಯಲು ಜಾಗವಿಲ್ಲದೆ, ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ಅಕ್ಷರವಿಟ್ಟು, ಒಂದೇ ಮಾತು ಬರೆದಿತ್ತು.

"ಯೊಹಾನ," ಎಂದು ಓದಿದಳು ಪೌಲೀನ. "ಅಷ್ಟೇ ಅತ್ತೆ. ಕೊನೆ ಪುಟದಲ್ಲಲ್ಲ. ತುಂಡಿನ ಮೇಲೆ."

ಅಜ್ಜಿ ಪುಸ್ತಕ ಎಳೆದುಕೊಂಡು, ಆ ತುಂಡಿನ ಮೇಲೆ ಬೆರಳಾಡಿಸಿದಳು. ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ.

"ಇಡೀ ಪುಟ ಕೊಟ್ಟಿದ್ದೆ," ಎಂದಳು. "ಹಡಗಿನಲ್ಲೂ ಹೀಗೇ. ಅಷ್ಟು ಜಾಗ ಇದ್ರೂ ಬಂದು ನನ್ನ ಪಕ್ಕದಲ್ಲೇ ಒತ್ತಿಕೊಂಡು ಮಲಗೋಳು." ಆಮೇಲೆ ತಲೆ ಎತ್ತಿ, "ಆ ಹುಡುಗಿ ಇನ್ನೂ ಬಾಗಿಲಲ್ಲಿ ನಿಂತಿದ್ದಾಳಾ? ಕೂರಿಸ್ರೋ. ಬ್ರೆಡ್ಡು ಅವರ ಮನೇದೇ."